ಶೀರ್ಷಿಕೆ ಪುಟವನ್ನು ನಂಬಲಾಗದ ಕಾಲ: ಹದಿನೆಂಟನೆಯ ಶತಮಾನದ ಫ್ರೆಂಚ್ ಪುಸ್ತಕ ವ್ಯಾಪಾರದ ಇತಿಹಾಸವನ್ನು ಹುಡುಕುವ ಬಗೆ

ಹೈದರ್ ಅಲಿ ತೀರಿಕೊಂಡ ಮರುವರ್ಷ, ಅಂದರೆ 1783ರಲ್ಲಿ, ಅವನ ಚರಿತ್ರೆಯನ್ನು ಹೇಳುವ ಒಂದು ಫ್ರೆಂಚ್ ಪುಸ್ತಕ ಪ್ಯಾರಿಸ್ಸಿನಲ್ಲಿ ಹೊರಬಂದಿತು. ಅದರ ಶೀರ್ಷಿಕೆ ಪುಟದಲ್ಲಿ ಲೇಖಕನ ಹೆಸರಿನ ಬದಲು ಬರೀ ಇನಿಷಿಯಲ್‌ಗಳಿವೆ. ಹೈದರನ ಕೈಕೆಳಗೆ ಸೇವೆ ಸಲ್ಲಿಸಿದ್ದ ಮೇಸ್ತ್ರ್ ದ ಲಾ ತೂರ್ ಎಂಬ ಫ್ರೆಂಚ್ ಸೇನಾಧಿಕಾರಿ ಅದನ್ನು ಬರೆದವನು. 1784ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಒಂದು ಕಾಲಕ್ಕೆ ದೊಡ್ಡ ಗ್ರಂಥಾಲಯಗಳ ಕಪಾಟಿನಲ್ಲಷ್ಟೇ ಸಿಗುತ್ತಿದ್ದ ಇಂಥ ಪುಸ್ತಕಗಳು ಇಂದು ಸ್ಕ್ಯಾನ್ ಆಗಿ ಅಂತರ್ಜಾಲಕ್ಕೆ ಬಂದಿವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು ತನ್ನ ‘ಗ್ಯಾಲಿಕಾ’ ತಾಣದಲ್ಲಿ ಲಕ್ಷಾಂತರ ಹಳೆಯ ಕೃತಿಗಳನ್ನು ಉಚಿತವಾಗಿ ಓದಲು ಬಿಟ್ಟಿದೆ. ಮೈಸೂರಿನ ಇತಿಹಾಸದಲ್ಲಿ ಆಸಕ್ತಿಯುಳ್ಳ ಯಾರು ಬೇಕಾದರೂ ಈಗ ಮನೆಯಲ್ಲೇ ಕುಳಿತು ಆ ಕಾಲದ ಪುಟಗಳನ್ನು ತಿರುವಿಹಾಕಬಹುದು.

ಆದರೆ ಆ ಕಾಲದ ಫ್ರೆಂಚ್ ಪುಸ್ತಕವೊಂದನ್ನು ಆಧಾರವಾಗಿ ಬಳಸುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಅದನ್ನು ನಿಜಕ್ಕೂ ಅಚ್ಚು ಹಾಕಿದವರಾರು? ಅದು ಎಲ್ಲಿಂದ, ಯಾವ ದಾರಿಯಲ್ಲಿ ಓದುಗನ ಕೈಗೆ ಬಂತು? ಎಷ್ಟು ಪ್ರತಿಗಳು ಮಾರಾಟವಾದವು? ಇವಕ್ಕೆ ಪುಸ್ತಕದ ಮೊದಲ ಪುಟದಲ್ಲಿ ಉತ್ತರ ಸಿಗುವುದು ಅಪರೂಪ, ಸಿಕ್ಕರೂ ಅದು ಅನೇಕ ವೇಳೆ ಸುಳ್ಳು. ‘ಲಂಡನ್’ ಎಂದು ನಮೂದಿಸಿದ ಪುಸ್ತಕ ಸ್ವಿಟ್ಜರ್‌ಲೆಂಡಿನಲ್ಲೋ ಫ್ರಾನ್ಸಿನ ರುವಾನ್ ನಗರದಲ್ಲೋ ಅಚ್ಚಾಗಿರುತ್ತಿತ್ತು. ಕೊಲೋನಿನ ‘ಪಿಯೆರ್ ಮಾರ್ತೋ’ ಎಂಬ ಪ್ರಕಾಶಕನ ಹೆಸರು ಹದಿನೇಳನೆಯ ಶತಮಾನದಿಂದಲೂ ಅಸಂಖ್ಯ ಪುಸ್ತಕಗಳ ಮೇಲೆ ಕಾಣಿಸುತ್ತದೆ. ಅಂಥ ಮನುಷ್ಯನೊಬ್ಬ ಹುಟ್ಟಿಯೇ ಇರಲಿಲ್ಲ. ಹೀಗೆ ಸುಳ್ಳು ಹೇಳುವ ಅಗತ್ಯ ಏಕೆ ಬಂತೆಂಬುದನ್ನು ತಿಳಿಯಲು ಅಂದಿನ ಕಾನೂನಿನಿಂದ ಆರಂಭಿಸಬೇಕು.

ಸನ್ನದು, ಮೌನ ಅನುಮತಿ ಮತ್ತು ಕಳ್ಳ ಮುದ್ರಣ

ಕ್ರಾಂತಿಗೆ ಮುಂಚಿನ ಫ್ರಾನ್ಸಿನಲ್ಲಿ ಪುಸ್ತಕ ಅಚ್ಚು ಹಾಕುವುದು ಯಾರ ಹಕ್ಕೂ ಆಗಿರಲಿಲ್ಲ, ಅದು ಅರಸನು ದಯಪಾಲಿಸುವ ಅವಕಾಶವಾಗಿತ್ತು. ಹಸ್ತಪ್ರತಿಯನ್ನು ಮೊದಲು ರಾಜನ ಪರೀಕ್ಷಕನೊಬ್ಬ ಓದಿ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಆಮೇಲೆ ಪ್ರಕಾಶಕನಿಗೆ ರಾಜಮುದ್ರೆಯ ಸನ್ನದು ದೊರೆಯುತ್ತಿತ್ತು, ನಿಗದಿತ ವರ್ಷಗಳವರೆಗೆ ಅವನೊಬ್ಬನೇ ಆ ಕೃತಿಯನ್ನು ಅಚ್ಚು ಹಾಕಿ ಮಾರಬಹುದಿತ್ತು. ಸನ್ನದು ಪ್ಯಾರಿಸ್ಸಿನ ಪುಸ್ತಕ ವ್ಯಾಪಾರಿಗಳ ಮತ್ತು ಮುದ್ರಕರ ವೃತ್ತಿಸಂಘದ ದಾಖಲೆಯಲ್ಲಿ ನಮೂದಾಗುತ್ತಿತ್ತು, ಅದರ ಪೂರ್ಣಪಾಠವನ್ನು ಪುಸ್ತಕದಲ್ಲೇ ಅಚ್ಚು ಹಾಕಲಾಗುತ್ತಿತ್ತು. 1723ರಲ್ಲಿ ಪ್ಯಾರಿಸ್ಸಿಗಾಗಿ ರೂಪಿಸಿದ ಈ ನಿಯಮಾವಳಿ 1744ರಲ್ಲಿ ಇಡೀ ರಾಜ್ಯಕ್ಕೆ ಅನ್ವಯವಾಯಿತು.

ಸನ್ನದು ಎಂದರೆ ಅರಸನೇ ಆ ಪುಸ್ತಕವನ್ನು ಒಪ್ಪಿದಂತೆ. ಹಾಗಾಗಿ ನೇರವಾಗಿ ಒಪ್ಪಲಾಗದ, ಆದರೆ ತಡೆದರೆ ವಿದೇಶಿ ಮುದ್ರಕರಿಗೆ ಲಾಭವಾಗುವಂಥ ಕೃತಿಗಳನ್ನು ಏನು ಮಾಡಬೇಕೆಂಬ ತೊಡಕು ಎದುರಾಯಿತು. ಇದಕ್ಕೆ ಕಂಡುಕೊಂಡ ಉಪಾಯ ‘ಮೌನ ಅನುಮತಿ’. ಪರೀಕ್ಷಕ ಓದುತ್ತಿದ್ದ, ಅಧಿಕಾರಿಗಳು ದಾಖಲಿಸಿಕೊಳ್ಳುತ್ತಿದ್ದರು, ಆದರೆ ಪುಸ್ತಕದಲ್ಲಿ ಒಪ್ಪಿಗೆಯ ಗುರುತು ಇರುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲೇ ಅಚ್ಚಾದ ಪುಸ್ತಕದ ಮೇಲೆ ಹೊರದೇಶದ ಊರಿನ ಹೆಸರು ಹಾಕುವುದು ಹೀಗೆ ಸರ್ಕಾರಕ್ಕೂ ಗೊತ್ತಿದ್ದೇ ನಡೆಯುವ ಪದ್ಧತಿಯಾಯಿತು. 1750ರಿಂದ 1763ರವರೆಗೆ ಪುಸ್ತಕ ವ್ಯಾಪಾರದ ಆಡಳಿತ ನೋಡಿಕೊಂಡ ಮಾಲ್ಜೆರ್ಬ್ ಈ ಉಪಾಯವನ್ನು ಧಾರಾಳವಾಗಿ ಬಳಸಿದ.

ಸನ್ನದು ಸಿಕ್ಕಮಾತ್ರಕ್ಕೆ ಪುಸ್ತಕ ಸುರಕ್ಷಿತವೆಂದೂ ಅಲ್ಲ. ತತ್ತ್ವಚಿಂತಕ ಎಲ್ವೇಸಿಯುಸ್ 1758ರಲ್ಲಿ ಮನುಷ್ಯನ ಮನಸ್ಸನ್ನು ಕುರಿತ ತನ್ನ ಕೃತಿಯನ್ನು ಸನ್ನದಿನೊಂದಿಗೇ ಪ್ರಕಟಿಸಿದ. ಅದು ಧರ್ಮವಿರೋಧಿಯೆಂಬ ಕೋಲಾಹಲವೆದ್ದಾಗ ಸನ್ನದು ರದ್ದಾಯಿತು, ಒಪ್ಪಿಗೆ ಕೊಟ್ಟಿದ್ದ ಪರೀಕ್ಷಕ ತೆರ್ಸಿಯೆ ವಿದೇಶಾಂಗ ಕಚೇರಿಯ ಹುದ್ದೆ ಕಳೆದುಕೊಂಡ. ಮರುವರ್ಷ ಆ ಪುಸ್ತಕವನ್ನು ಸಾರ್ವಜನಿಕವಾಗಿ ಸುಡಲಾಯಿತು. ಅದೇ 1759ರಲ್ಲಿ ದಿದೆರೋ ಸಂಪಾದಿಸುತ್ತಿದ್ದ ವಿಶ್ವಕೋಶದ ಸನ್ನದೂ ರದ್ದಾಯಿತು. ಆದರೂ ಅದರ ಕೆಲಸ ನಿಲ್ಲಲಿಲ್ಲ. 1765ರ ಹೊತ್ತಿಗೆ 17 ಪಠ್ಯ ಸಂಪುಟಗಳೂ 1772ರ ಹೊತ್ತಿಗೆ 11 ಚಿತ್ರ ಸಂಪುಟಗಳೂ ಪೂರ್ಣಗೊಂಡವು. ಕಾನೂನಿನ ಅಕ್ಷರಕ್ಕೂ ಅದರ ಆಚರಣೆಗೂ ನಡುವೆ ಇದ್ದ ಈ ಅಂತರವನ್ನು ಮರೆತು ಕಾನೂನಿನ ಪಠ್ಯವನ್ನಷ್ಟೇ ಓದುವ ಸಂಶೋಧಕ ದಾರಿ ತಪ್ಪುತ್ತಾನೆ.

ಇವೆಲ್ಲಕ್ಕಿಂತ ಬೇರೆಯಾದದ್ದು ಕಳ್ಳ ಮುದ್ರಣ. ಇಲ್ಲಿ ಕೃತಿ ನಿಷಿದ್ಧವಲ್ಲ, ಸನ್ನದು ಬೇರೆಯವನ ಹೆಸರಿನಲ್ಲಿದೆ ಅಷ್ಟೆ. ‘ನಿಷಿದ್ಧ ಪುಸ್ತಕ’ ಮತ್ತು ‘ಕಳ್ಳ ಮುದ್ರಣ’ ಎರಡೂ ಒಂದೇ ಮೂಟೆಯಲ್ಲಿ ಪ್ರಯಾಣ ಮಾಡುತ್ತಿದ್ದವು, ಆದರೆ ಅವುಗಳ ಅಪರಾಧ ಬೇರೆ, ಶಿಕ್ಷೆ ಬೇರೆ, ಮಾರುಕಟ್ಟೆಯೂ ಬೇರೆ.

ವ್ಯಾಪಾರ ಗಡಿಯಾಚೆಗೆ ಹೋದ ಕಾರಣ

ಪ್ಯಾರಿಸ್ಸಿನ ಮುದ್ರಕರ ಸಂಖ್ಯೆಯನ್ನು 1686ರಲ್ಲೇ 36ಕ್ಕೆ ಮಿತಿಗೊಳಿಸಲಾಗಿತ್ತು. ಸನ್ನದುಗಳೂ ಬಹುಪಾಲು ರಾಜಧಾನಿಯ ಪ್ರಕಾಶಕರ ಕೈಯಲ್ಲೇ ಇದ್ದವು, ಅವಧಿ ಮುಗಿದಾಗ ಮತ್ತೆ ಮತ್ತೆ ನವೀಕರಣವಾಗುತ್ತಿದ್ದವು. ಲಿಯೋನ್, ರುವಾನ್, ತುಲೂಸ್‌ನಂಥ ನಗರಗಳ ಮುದ್ರಕರಿಗೆ ಅಚ್ಚು ಹಾಕಲು ಒಳ್ಳೆಯ ಕೃತಿಗಳೇ ಉಳಿಯಲಿಲ್ಲ. ಪ್ಯಾರಿಸ್ಸಿನ ದುಬಾರಿ ಮುದ್ರಣದ ಬದಲು ಅಗ್ಗದ ಕಳ್ಳ ಮುದ್ರಣವನ್ನು ತರಿಸಿ ಮಾರುವುದೇ ಅಲ್ಲಿನ ಅಂಗಡಿಕಾರರಿಗೆ ಗಿಟ್ಟುತ್ತಿತ್ತು. ಹೀಗೆ ಹಾಲೆಂಡಿನಿಂದ ಹಿಡಿದು ರೈನ್ ನದಿಯ ಗುಂಟ ಜಿನೀವಾ ಮತ್ತು ಆವಿನ್ಯೋನ್‌ವರೆಗೆ, ಫ್ರಾನ್ಸಿನ ಗಡಿಗೆ ತಾಗಿದಂತೆ, ಫ್ರೆಂಚ್ ಪುಸ್ತಕಗಳನ್ನು ಅಚ್ಚು ಹಾಕುವ ಊರುಗಳ ಸಾಲೊಂದು ಬೆಳೆಯಿತು. ಆವಿನ್ಯೋನ್ ಆಗ ಪೋಪನ ಆಡಳಿತದಲ್ಲಿತ್ತು, ಇಂದು ಸ್ವಿಟ್ಜರ್‌ಲೆಂಡಿಗೆ ಸೇರಿದ ನ್ಯೂಷಾಟೆಲ್ ಪ್ರಷ್ಯದ ಅರಸನ ಅಧೀನದಲ್ಲಿತ್ತು. ಅಲ್ಲಿನ ಮುದ್ರಕನನ್ನು ಫ್ರಾನ್ಸಿನ ಸನ್ನದು ಕಟ್ಟಿಹಾಕುವಂತಿರಲಿಲ್ಲ.

ಪುಸ್ತಕಗಳು ಆಗ ಬೈಂಡಾಗಿ ಸಾಗುತ್ತಿರಲಿಲ್ಲ, ಬಿಡಿ ಹಾಳೆಗಳಾಗಿಯೇ ಮೂಟೆಗಳಲ್ಲಿ ಹೋಗುತ್ತಿದ್ದವು ಎಂಬ ಸಣ್ಣ ಸಂಗತಿ ಇಡೀ ವ್ಯಾಪಾರವನ್ನು ಅರ್ಥ ಮಾಡಿಕೊಳ್ಳಲು ಬಹಳ ಮುಖ್ಯ. ಕೊಂಡವನು ತನ್ನ ಅಂತಸ್ತಿಗೆ ತಕ್ಕಂತೆ ಆಮೇಲೆ ಬೈಂಡ್ ಮಾಡಿಸಿಕೊಳ್ಳುತ್ತಿದ್ದ. ಹಾಳೆಗಳಾಗಿದ್ದುದರಿಂದಲೇ ನಿಷಿದ್ಧ ಕೃತಿಯ ಹಾಳೆಗಳನ್ನು ಧರ್ಮಗ್ರಂಥದ ಹಾಳೆಗಳ ನಡುವೆ ಸೇರಿಸಿ ಕಳಿಸಲು ಸಾಧ್ಯವಾಯಿತು. ವ್ಯಾಪಾರಿಗಳು ಇದನ್ನು ಹಾಳೆಗಳ ‘ಮದುವೆ’ ಎಂದು ಕರೆಯುತ್ತಿದ್ದರು. ಗಡಿಯ ಸುಂಕದ ಕಟ್ಟೆಯಲ್ಲಿ ಮೂಟೆಗೆ ಮುದ್ರೆ ಒತ್ತಿ ರಹದಾರಿ ಕೊಡುತ್ತಿದ್ದರು, ಗೊತ್ತುಮಾಡಿದ ನಗರದ ವೃತ್ತಿಸಂಘದ ಕಚೇರಿಯಲ್ಲಿ ತಪಾಸಣೆಯಾದ ಮೇಲೆ ಆ ರಹದಾರಿ ಸಹಿಯೊಂದಿಗೆ ಹಿಂದಿರುಗಬೇಕಿತ್ತು. ತಪಾಸಣೆಯ ಅಪಾಯವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿತ್ತು. ‘ವಿಮೆಗಾರರು’ ಎನಿಸಿಕೊಂಡ ಮಧ್ಯವರ್ತಿಗಳು ಮಾಲಿನ ಬೆಲೆಗೆ ತಕ್ಕ ಶುಲ್ಕ ಪಡೆದು ಕೂಲಿಯಾಳುಗಳ ಬೆನ್ನ ಮೇಲೆ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ನಡುವಿನ ಯೂರಾ ಪರ್ವತದ ಕಾಲುದಾರಿಗಳಲ್ಲಿ ಮೂಟೆ ದಾಟಿಸುತ್ತಿದ್ದರು, ಮಾಲು ಸಿಕ್ಕಿಬಿದ್ದರೆ ಅದರ ಬೆಲೆ ತುಂಬಿಕೊಡುತ್ತಿದ್ದರು. ಹೊರುವವರು ಸಿಕ್ಕಿಬಿದ್ದರೆ ಮೈಮೇಲೆ ಬರೆ ಹಾಕಿಸಿಕೊಂಡು ಕಠಿಣ ದುಡಿಮೆಯ ಶಿಕ್ಷೆಗೆ ಗುರಿಯಾಗುವ ಭಯವಿತ್ತು. ಆ ಶತಮಾನದ ಯುರೋಪಿನ ವೈಚಾರಿಕ ಚಳವಳಿಯಾದ ‘ಜ್ಞಾನೋದಯ’ದ ಚರಿತ್ರೆ ಬರೆಯುವವರು ವಾಲ್ಟೇರ್ ಮತ್ತು ರೂಸೋ ಅವರಷ್ಟೇ ಈ ಹೊರೆಯಾಳುಗಳನ್ನೂ ನೆನೆಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರ ಬೆನ್ನೇ ಇಲ್ಲದಿದ್ದರೆ ಅನೇಕ ಪುಸ್ತಕಗಳು ಗಡಿಯಾಚೆಯೇ ಉಳಿದುಬಿಡುತ್ತಿದ್ದವು.

ನ್ಯೂಷಾಟೆಲ್‌ನ ಐವತ್ತು ಸಾವಿರ ಪತ್ರಗಳು

ಇಷ್ಟು ವಿವರ ನಮಗೆ ತಿಳಿದಿರುವುದು ಮುಖ್ಯವಾಗಿ ಒಂದು ಸಂಸ್ಥೆಯ ಕಾಗದಪತ್ರಗಳಿಂದ. 1769ರಲ್ಲಿ ನ್ಯೂಷಾಟೆಲ್‌ನ ಗಣ್ಯ ನಾಗರಿಕ ಆಸ್ಟರ್ವಾಲ್ಡ್, ಅವನ ಅಳಿಯ ಬರ್ತ್ರಾಂ ಮತ್ತು ಪುಸ್ತಕ ವ್ಯಾಪಾರಿ ಫೋಶ್ ಮೊದಲಾದವರು ಸೇರಿ ‘ಸೊಸಿಯೆತೆ ತಿಪೊಗ್ರಾಫೀಕ್ ದ ನ್ಯೂಷಾಟೆಲ್’ ಎಂಬ ಮುದ್ರಣ ಸಂಸ್ಥೆಯನ್ನು ತೆರೆದರು. ಅದು ಅಚ್ಚು ಹಾಕುತ್ತಿತ್ತು, ಸಗಟು ಮಾರುತ್ತಿತ್ತು, ಬೇರೆ ಪ್ರಕಾಶಕರೊಂದಿಗೆ ಹಾಳೆಗಳ ವಿನಿಮಯ ಮಾಡಿಕೊಂಡು ತನ್ನಲ್ಲಿಲ್ಲದ ಪುಸ್ತಕಗಳನ್ನೂ ಗಿರಾಕಿಗಳಿಗೆ ಒದಗಿಸುತ್ತಿತ್ತು. 1794ರಲ್ಲಿ ವ್ಯವಹಾರ ಮುಗಿಯಿತು. ಅದರ ಕಾಗದಗಳು ಮಾತ್ರ ಉಳಿದವು. ಕಿರ್ದಿ, ಖಾತೆ, ಮುದ್ರಣಾಲಯದ ಕೂಲಿಯ ಲೆಕ್ಕ, ಜೊತೆಗೆ ಸುಮಾರು 50,000 ಪತ್ರಗಳು ಇಂದು ನ್ಯೂಷಾಟೆಲ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಆ ಕಾಲದ ಪ್ರಕಾಶಕರ ಕಾಗದಗಳು ಬಹುತೇಕ ನಾಶವಾಗಿರುವುದರಿಂದ ಈ ಸಂಗ್ರಹಕ್ಕೆ ಇಷ್ಟೊಂದು ಬೆಲೆ.

ಅಮೆರಿಕದ ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1965ರಲ್ಲಿ ಈ ಪತ್ರಗಳನ್ನು ಓದತೊಡಗಿದರು, ದಶಕಗಳ ಕಾಲ ಅದನ್ನು ಮುಂದುವರಿಸಿದರು. ಒಂದು ಪತ್ರದಿಂದ ಏನು ಸಿಗುತ್ತದೆ? ಊರಿನ ಪುಸ್ತಕ ವ್ಯಾಪಾರಿ ತನಗೆ ಬೇಕಾದ ಪುಸ್ತಕಗಳ ಪಟ್ಟಿಯನ್ನೂ ಪ್ರತಿಯೊಂದರ ಎದುರು ಬೇಕಾದ ಪ್ರತಿಗಳ ಸಂಖ್ಯೆಯನ್ನೂ ಬರೆಯುತ್ತಾನೆ. ಯಾವ ದಾರಿಯಲ್ಲಿ ಕಳಿಸಬೇಕು, ಯಾವ ಸರಕು ಸಾಗಣೆದಾರನನ್ನು ನಂಬಬಾರದು, ಹಿಂದಿನ ಹುಂಡಿಯನ್ನು ಏಕೆ ತೀರಿಸಲಾಗಲಿಲ್ಲ ಎಂಬುದೂ ಅದರಲ್ಲಿರುತ್ತದೆ. ನಿಷಿದ್ಧ ಪುಸ್ತಕಗಳಿಗೆ ವ್ಯಾಪಾರದಲ್ಲಿ ‘ತತ್ತ್ವಶಾಸ್ತ್ರದ ಪುಸ್ತಕಗಳು’ ಎಂಬ ಸಂಕೇತದ ಹೆಸರಿತ್ತು, ಅವಕ್ಕೆ ಪ್ರತ್ಯೇಕ ಪಟ್ಟಿಗಳೇ ಇದ್ದವು. ಆ ಪಟ್ಟಿಗಳಲ್ಲಿ ನಾಸ್ತಿಕವಾದದ ಗಂಭೀರ ಗ್ರಂಥ, ಅರಸನ ಪ್ರೇಯಸಿಯ ಮೇಲಿನ ನಿಂದೆ, ಅಶ್ಲೀಲ ಕಾದಂಬರಿ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿವೆ. ಅಂದಿನ ವ್ಯಾಪಾರಿಗೆ ಇವು ಒಂದೇ ಬಗೆಯ ಅಪಾಯದ ಸರಕಾಗಿದ್ದವು ಎನ್ನುವುದು ನಮ್ಮ ಸಾಹಿತ್ಯ ಚರಿತ್ರೆಯ ವಿಂಗಡಣೆಯನ್ನೇ ಪ್ರಶ್ನಿಸುವ ಸಂಗತಿ.

ಸಂಸ್ಥೆಯ ಗುಮಾಸ್ತ ಫಾವರ್ಜೆ 1778ರ ಜುಲೈಯಲ್ಲಿ ಕುದುರೆಯೇರಿ ಹೊರಟು, ದಕ್ಷಿಣ ಮತ್ತು ಮಧ್ಯ ಫ್ರಾನ್ಸಿನ ಊರೂರು ಸುತ್ತಿ, ಐದು ತಿಂಗಳ ಕಾಲ ಪುಸ್ತಕ ವ್ಯಾಪಾರಿಗಳನ್ನು ಕಂಡು ಬಂದ. ಯಾವ ಅಂಗಡಿಯವನು ಸಾಲಕ್ಕೆ ಯೋಗ್ಯ, ಯಾರು ನುಣುಚಿಕೊಳ್ಳುವವನು ಎಂದು ಅವನು ಬರೆದಿಟ್ಟ ದಿನಚರಿ ಇದೆ. ಒಂದು ಊರಿನ ಪುಸ್ತಕದಂಗಡಿಯ ನಿಜವಾದ ಗಾತ್ರವನ್ನು ಅಂದಾಜು ಮಾಡಲು ಇಷ್ಟು ಹತ್ತಿರದ ಸಾಕ್ಷಿ ಬೇರೆಲ್ಲೂ ಸಿಗುವುದು ಕಷ್ಟ.

ಬೇಡಿಕೆಯ ಪಟ್ಟಿಗಳನ್ನು ಎಣಿಸಿ, ಸುಂಕದ ಕಟ್ಟೆಯ ಜಪ್ತಿಗಳು ಮತ್ತು ಪೊಲೀಸ್ ದಾಳಿಗಳ ದಾಖಲೆಗಳೊಂದಿಗೆ ಹೋಲಿಸಿ, ಡಾರ್ನ್‌ಟನ್ 1769ರಿಂದ 1789ರವರೆಗೆ ಗುಟ್ಟಾಗಿ ಚಲಾವಣೆಯಲ್ಲಿದ್ದ 720 ಕೃತಿಗಳ ಪಟ್ಟಿ ತಯಾರಿಸಿದರು. ಬೇಡಿಕೆಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಕ್ರಿ.ಶ. 2440ರ ಪ್ಯಾರಿಸ್ಸನ್ನು ಕಲ್ಪಿಸಿ ಮೆರ್ಸಿಯೆ ಬರೆದ ಕೃತಿ. ಎರಡನೆಯದು ಹದಿನೈದನೆಯ ಲೂಯಿಯ ಪ್ರೇಯಸಿ ದು ಬಾರಿಯ ಕುರಿತಾದ ಅನಾಮಧೇಯ ಕಥನ. ಇಂದು ಕಾಲೇಜುಗಳಲ್ಲಿ ಕ್ರಾಂತಿಯ ಬೀಜವೆಂದು ಕಲಿಸುವ ರೂಸೋನ ‘ಸಾಮಾಜಿಕ ಒಪ್ಪಂದ’ ಈ ಪಟ್ಟಿಯ ಶಿಖರದ ಹತ್ತಿರವೆಲ್ಲೂ ಇಲ್ಲ.

ಪೊಲೀಸರು ಉಳಿಸಿಕೊಟ್ಟ ಕಡತಗಳು

ವ್ಯಾಪಾರಿಗಳ ಕಾಗದಗಳನ್ನು ಬಿಟ್ಟರೆ ಅತಿ ದೊಡ್ಡ ಆಕರ ಆಡಳಿತದ್ದು. ಪ್ಯಾರಿಸ್ಸಿನಲ್ಲಿ ಪುಸ್ತಕ ವ್ಯಾಪಾರದ ಮೇಲೆ ಕಣ್ಣಿಡುತ್ತಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ಜೋಸೆಫ್ ದೆಮೆರಿ 1748ರಿಂದ 1753ರ ನಡುವೆ ಸುಮಾರು 500 ಲೇಖಕರ ಬಗ್ಗೆ ಒಂದೊಂದು ಕಡತ ತೆರೆದ. ಹೆಸರು, ವಯಸ್ಸು, ಹುಟ್ಟಿದ ಊರು, ಚಹರೆ, ವಿಳಾಸ, ಪೂರ್ವೋತ್ತರ ಎಂಬ ಅಚ್ಚಾದ ತಲೆಬರಹಗಳ ಕೆಳಗೆ ಅವನು ಮಾಹಿತಿ ತುಂಬುತ್ತಿದ್ದ. ದಿದೆರೋ ಬಹಳ ಜಾಣ, ಆದರೆ ಅತ್ಯಂತ ಅಪಾಯಕಾರಿ ಎಂಬ ಟಿಪ್ಪಣಿ ಅವನದೇ. ಈ ಕಡತಗಳೂ ಸನ್ನದು ಮತ್ತು ಮೌನ ಅನುಮತಿಗಳ ದಾಖಲೆಗಳೂ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ರಾಜಮುದ್ರಣಾಲಯದ ಕೊನೆಯ ನಿರ್ದೇಶಕ ಆನಿಸೋಂ ದ್ಯುಪೆರೋಂ 1794ರಲ್ಲಿ ಗಿಲೊಟಿನ್‌ಗೆ ಬಲಿಯಾದ. ಪುಸ್ತಕ ವ್ಯಾಪಾರದ ಕುರಿತ ದೊಡ್ಡದೊಂದು ಹಸ್ತಪ್ರತಿ ಸಂಗ್ರಹ ಇಂದಿಗೂ ಅವನ ಹೆಸರಿನಲ್ಲೇ ಇದೆ. ಬಾಸ್ಟೀಲ್ ಸೆರೆಮನೆಯ ಉಳಿದ ಕಾಗದಗಳು ಪ್ಯಾರಿಸ್ಸಿನ ಆರ್ಸೆನಾಲ್ ಗ್ರಂಥಾಲಯದಲ್ಲಿವೆ.

ಪೊಲೀಸರ ದಾಖಲೆಯನ್ನು ಓದುವಾಗ ಒಂದು ಎಚ್ಚರ ಬೇಕು. ಅದು ಸಿಕ್ಕಿಬಿದ್ದವರ ಕತೆ ಮಾತ್ರ. ಒಂದು ವರ್ಷ ಜಪ್ತಿಗಳು ಹೆಚ್ಚಾದರೆ ಕಳ್ಳಸಾಗಣೆ ಹೆಚ್ಚಿತೆಂದೂ ಹೇಳಬಹುದು, ತಪಾಸಣೆ ಬಿಗಿಯಾಯಿತೆಂದೂ ಹೇಳಬಹುದು. 1783ರ ಜೂನ್ 12ರಂದು ವಿದೇಶಾಂಗ ಮಂತ್ರಿ ವೆರ್ಜೆನ್, ಹೊರದೇಶದಿಂದ ಬರುವ ಪುಸ್ತಕದ ಮೂಟೆಗಳೆಲ್ಲ ಯಾವ ಊರಿಗೇ ಹೋಗಬೇಕಿರಲಿ ಮೊದಲು ಪ್ಯಾರಿಸ್ಸಿಗೆ ಬಂದು ತಪಾಸಣೆಗೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಸ್ವಿಟ್ಜರ್‌ಲೆಂಡಿನಿಂದ ಪಕ್ಕದ ಲಿಯೋನಿಗೆ ಹೋಗಬೇಕಾದ ಮೂಟೆ ಇಡೀ ದೇಶ ಸುತ್ತಬೇಕಾಯಿತು. ಗುರಿಯಿದ್ದದ್ದು ನಿಂದೆಯ ಪುಸ್ತಕಗಳ ಮೇಲೆ, ಆದರೆ ಪೆಟ್ಟು ಬಿದ್ದದ್ದು ಆಮದಾಗುವ ಎಲ್ಲ ಪುಸ್ತಕಗಳಿಗೂ.

ಕಾಗದವೂ ಅಚ್ಚೂ ನುಡಿಯುವ ಸಾಕ್ಷ್ಯ

ದಾಖಲೆಯೇ ಇಲ್ಲದಾಗ ಪುಸ್ತಕದ ಮೈಯನ್ನೇ ಪರೀಕ್ಷಿಸಬೇಕು. ಕೈಯಿಂದ ಮಾಡಿದ ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕನ ನೀರುಗುರುತು ಕಾಣುತ್ತದೆ. ಫ್ರಾನ್ಸಿನಲ್ಲಿ 1741ರ ಆಜ್ಞೆಯ ಪ್ರಕಾರ ನೀರುಗುರುತಿನಲ್ಲಿ 1742 ಎಂಬ ಇಸವಿ ಇರಬೇಕಾಯಿತು. ಅನೇಕ ತಯಾರಕರು ದಶಕಗಳ ಕಾಲ ಅದೇ ಅಂಕಿಯನ್ನು ಮುಂದುವರಿಸಿದರು. ಹಾಗಾಗಿ 1742ರ ಗುರುತಿದ್ದ ಮಾತ್ರಕ್ಕೆ ಪುಸ್ತಕ ಆ ವರ್ಷದ್ದೆಂದು ಹೇಳಲಾಗದು. ಆದರೆ ‘ಲಂಡನ್’ ಎಂದು ಹೇಳಿಕೊಳ್ಳುವ ಪುಸ್ತಕ ಫ್ರೆಂಚ್ ಕಾಗದದ ಮೇಲಿದೆ ಎಂಬುದು ಅನುಮಾನಕ್ಕೆ ಒಳ್ಳೆಯ ಆರಂಭ.

ಪ್ರತಿ ಹಾಳೆಯ ಬುಡದಲ್ಲಿ ಬೈಂಡ್ ಮಾಡುವವನ ಅನುಕೂಲಕ್ಕಾಗಿ ಅಕ್ಷರ ಮತ್ತು ಅಂಕಿಯ ಗುರುತು ಹಾಕುತ್ತಿದ್ದರು. ಪ್ಯಾರಿಸ್ಸಿನ ಮೊಳೆ ಜೋಡಿಸುವವರು ಸಾಮಾನ್ಯವಾಗಿ ರೋಮನ್ ಅಂಕಿ ಬಳಸಿದರೆ ಹಾಲೆಂಡ್ ಮುಂತಾದೆಡೆ ಅರೇಬಿಕ್ ಅಂಕಿ ಬಳಕೆಯಲ್ಲಿತ್ತು. ಕೈಗೆ ಒಗ್ಗಿದ ಈ ಅಭ್ಯಾಸವನ್ನು ಶೀರ್ಷಿಕೆ ಪುಟದಲ್ಲಿ ಸುಳ್ಳು ಹೇಳುವವನೂ ಬಿಡುವುದಿಲ್ಲ. ಅಧ್ಯಾಯದ ಮೊದಲಲ್ಲೂ ಕೊನೆಯಲ್ಲೂ ಒತ್ತುತ್ತಿದ್ದ ಮರದ ಅಲಂಕಾರದ ಅಚ್ಚುಗಳು ಇನ್ನೂ ನಂಬಿಕೆಗೆ ಅರ್ಹ. ಒಂದೊಂದೂ ಕೈಯಿಂದ ಕೆತ್ತಿದ್ದು, ಬಳಸುತ್ತಾ ಬಿರುಕು ಬಿಡುವಂಥದ್ದು. ಒಂದೇ ಬಿರುಕು ಹೆಸರಿಲ್ಲದ ಪುಸ್ತಕದಲ್ಲೂ ಹೆಸರು ಹಾಕಿದ ಪುಸ್ತಕದಲ್ಲೂ ಕಂಡರೆ ಎರಡೂ ಒಂದೇ ಮುದ್ರಣಾಲಯದಿಂದ ಬಂದಿರುವ ಸಂಭವ ಹೆಚ್ಚು. ಇಂಥ ಅಲಂಕಾರಗಳ ಚಿತ್ರಗಳನ್ನು ಒಟ್ಟುಮಾಡಿದ ದತ್ತಸಂಚಯ ಲೋಸಾನ್‌ನಲ್ಲಿ ಸಿದ್ಧವಾಗಿದೆ. ಸ್ಕ್ಯಾನ್ ಪ್ರತಿಯಲ್ಲಿ ಅಲಂಕಾರವೂ ಹಾಳೆಯ ಗುರುತೂ ಕಾಣುತ್ತವೆ, ನೀರುಗುರುತು ಕಾಣುವುದಿಲ್ಲ. ಅದಕ್ಕೆ ಮೂಲಪ್ರತಿಯನ್ನೇ ಕೈಯಲ್ಲಿ ಹಿಡಿಯಬೇಕು.

ಎಣಿಕೆಯಲ್ಲಿರುವ ತೊಡಕುಗಳು

ಜನ ಏನು ಓದುತ್ತಿದ್ದರೆಂದು ಎಣಿಸಿ ಹೇಳುವ ಮೊದಲ ದೊಡ್ಡ ಯತ್ನ ಡಾನಿಯಲ್ ಮೋರ್ನೆಯದು. ಹರಾಜಿಗೆ ಬಂದ 500 ಖಾಸಗಿ ಗ್ರಂಥಾಲಯಗಳ ಪಟ್ಟಿಗಳನ್ನು ಪರಿಶೀಲಿಸಿ ಅವರು 1910ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಸಾಮಾಜಿಕ ಒಪ್ಪಂದ’ದ ಒಂದೇ ಒಂದು ಪ್ರತಿ ಕಂಡುಬಂತು. ಆದರೆ ಹರಾಜಿನ ಪಟ್ಟಿಗಳೂ ಅಚ್ಚಿಗೆ ಮುನ್ನ ತಪಾಸಣೆಗೆ ಒಳಪಡುತ್ತಿದ್ದವು, ನಿಷಿದ್ಧ ಪುಸ್ತಕಗಳನ್ನು ಪಟ್ಟಿಯಿಂದ ಬಿಡಲಾಗುತ್ತಿತ್ತು. ಅಲ್ಲದೆ ಗ್ರಂಥಾಲಯ ಹರಾಜಾಗುವಷ್ಟು ಸಿರಿವಂತರು ಎಷ್ಟು ಮಂದಿ? 1786–90ರಲ್ಲಿ ಮದುವೆಯ ದಾಖಲೆಗೆ ಸಹಿ ಹಾಕಬಲ್ಲವರು ಗಂಡಸರಲ್ಲಿ ಶೇ. 47, ಹೆಂಗಸರಲ್ಲಿ ಶೇ. 27. ಅವರಲ್ಲಿ ಬಹುಮಂದಿಗೆ ಸಿಗುತ್ತಿದ್ದದ್ದು ತ್ರುವಾ ಮೊದಲಾದ ಊರುಗಳಲ್ಲಿ ಅಚ್ಚಾಗಿ ತಿರುಗು ವ್ಯಾಪಾರಿಗಳ ಬುಟ್ಟಿಯಲ್ಲಿ ಬರುತ್ತಿದ್ದ ಅಗ್ಗದ ಕಿರುಪುಸ್ತಕಗಳು. ಓದಿ ಹರಿದುಹೋದ ಅವು ಯಾವ ಹರಾಜಿನ ಪಟ್ಟಿಗೂ ಸೇರಲಿಲ್ಲ.

ನ್ಯೂಷಾಟೆಲ್‌ನ ಕಾಗದಗಳಿಗೂ ಇಂಥ ಮಿತಿಯಿದೆ. ಒಂದು ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ನೋಡಿ ಕೇರಿಯವರ ಊಟವನ್ನು ಊಹಿಸಬಹುದು, ಆದರೆ ಮನೆಯ ಹಿತ್ತಲಲ್ಲಿ ಬೆಳೆದದ್ದೂ ಸಂತೆಯಿಂದ ತಂದದ್ದೂ ಅದರಲ್ಲಿ ಇರುವುದಿಲ್ಲ. ಪ್ರಕಾಶಕರ ನಡುವಿನ ಹಾಳೆಗಳ ವಿನಿಮಯದಿಂದಾಗಿ ಆ ಸಂಸ್ಥೆ ಯಾವ ಪುಸ್ತಕವನ್ನಾದರೂ ಒದಗಿಸಬಲ್ಲದಾಗಿತ್ತು, ಆದ್ದರಿಂದ ಅದಕ್ಕೆ ಬಂದ ಬೇಡಿಕೆ ಒಟ್ಟು ಮಾರುಕಟ್ಟೆಯ ಪ್ರತಿಬಿಂಬ ಎಂಬುದು ಡಾರ್ನ್‌ಟನ್ ಅವರ ವಾದ. ಸೈಮನ್ ಬರೋಸ್ ಮತ್ತು ಮಾರ್ಕ್ ಕರನ್ ಇದನ್ನು ಬೇರೆ ದಾರಿಯಲ್ಲಿ ಪರೀಕ್ಷಿಸಿದರು. ಬೇಡಿಕೆಯ ಪತ್ರಗಳ ಬದಲು ಸಂಸ್ಥೆಯ ಕಿರ್ದಿ ಮತ್ತು ಖಾತೆಗಳಲ್ಲಿನ ಒಳಬಂದ, ಹೊರಹೋದ ಮಾಲನ್ನು ನಮೂದಿಸಿ, ಸುಮಾರು 4,000 ಕೃತಿಗಳ 4 ಲಕ್ಷ ಪ್ರತಿಗಳ ಓಡಾಟವನ್ನು ತೋರಿಸುವ ದತ್ತಸಂಚಯವನ್ನು 2012ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಪ್ರೊಟೆಸ್ಟಂಟ್ ಧಾರ್ಮಿಕ ಗ್ರಂಥಗಳಿಗೂ ಸ್ವಿಸ್ ಲೇಖಕರ ಕೃತಿಗಳಿಗೂ ಅಲ್ಲಿ ಗಣನೀಯ ಸ್ಥಾನವಿದೆ. ಅಂದರೆ ಸಂಸ್ಥೆಯ ಮಾರಾಟದಲ್ಲಿ ಅದರ ಊರಿನ ಬಣ್ಣವೂ ಇದೆ. ಪತ್ರದಲ್ಲಿ ಕೇಳಿದ್ದು ಮತ್ತು ನಿಜವಾಗಿ ಕಳಿಸಿದ್ದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಸರಿಯೆಂದು ನಾನು ಭಾವಿಸುತ್ತೇನೆ. ಮೊದಲನೆಯದು ಗಿರಾಕಿಯ ಆಸೆಯನ್ನು ಹೇಳುತ್ತದೆ, ಎರಡನೆಯದು ವ್ಯಾಪಾರಿಯ ಸಾಮರ್ಥ್ಯವನ್ನು.

ಇದಕ್ಕೆ ಪೂರಕವಾಗಿ ಫ್ರಾನ್ಸಿನೊಳಗಿನ ಕಾನೂನುಬದ್ಧ ಮುದ್ರಣದ ಅಂಕಿಗಳೂ ಇವೆ. 1777ರ ಆಗಸ್ಟ್ 30ರ ಸುಧಾರಣೆಗಳು ಸನ್ನದಿನ ಅವಧಿಯನ್ನು ಮಿತಿಗೊಳಿಸಿದವು. ಅವಧಿ ಮುಗಿದ ಕೃತಿಗಳನ್ನು ಯಾವ ಊರಿನ ಮುದ್ರಕನೂ ‘ಸರಳ ಅನುಮತಿ’ ಪಡೆದು ಅಚ್ಚು ಹಾಕಬಹುದಾಯಿತು. ಅಂಗಡಿಗಳಲ್ಲಿ ಆಗಲೇ ಇದ್ದ ಕಳ್ಳ ಮುದ್ರಣಗಳಿಗೆ ಅಧಿಕಾರಿಯ ಮೊಹರು ಒತ್ತಿಸಿ ಸಕ್ರಮಗೊಳಿಸುವ ಅವಕಾಶವೂ ಸಿಕ್ಕಿತು. ಸರಳ ಅನುಮತಿಯ ದಾಖಲೆಗಳಲ್ಲಿ ಕೃತಿ, ಮುದ್ರಕ ಮತ್ತು ಪ್ರತಿಗಳ ಸಂಖ್ಯೆ ಇವೆ. 1778ರಿಂದ 1789ರವರೆಗಿನ ಆ ಪ್ರತಿಗಳಲ್ಲಿ ಶೇ. 60ಕ್ಕೂ ಹೆಚ್ಚು ಧಾರ್ಮಿಕ ಪುಸ್ತಕಗಳು. ದು ಬಾರಿಯ ಕತೆಯ ಮೂಟೆ ಯೂರಾ ಪರ್ವತ ದಾಟುತ್ತಿದ್ದ ವರ್ಷಗಳಲ್ಲೇ ಪ್ರಾಂತ್ಯದ ಮುದ್ರಣಾಲಯಗಳಿಂದ ಪ್ರಾರ್ಥನೆಯ ಪುಸ್ತಕಗಳು ರಾಶಿ ರಾಶಿಯಾಗಿ ಹೊರಬರುತ್ತಿದ್ದವು. ಬರೋಸ್ ಮುಂದೆ ಸೇರಿದ ಆಸ್ಟ್ರೇಲಿಯಾದ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಅವರ ಬಳಗ ಸರಳ ಅನುಮತಿ, ಮೊಹರು, ಜಪ್ತಿ ಮತ್ತು ಹರಾಜಿನ ದಾಖಲೆಗಳನ್ನು ನ್ಯೂಷಾಟೆಲ್‌ನ ಲೆಕ್ಕಗಳೊಂದಿಗೆ ಜೋಡಿಸುವ ಕೆಲಸವನ್ನು ಕೈಗೆತ್ತಿಕೊಂಡಿತು. ಇದರಿಂದ ಒಂದೇ ಕೃತಿಯನ್ನು ವ್ಯಾಪಾರಿಯ ಖಾತೆಯಲ್ಲೂ, ಅಧಿಕಾರಿಯ ಕಡತದಲ್ಲೂ, ಓದುಗನ ಕಪಾಟಿನಲ್ಲೂ ಹುಡುಕಿ ನೋಡಲು ದಾರಿಯಾಗುತ್ತದೆ.